ಕಾರ್ಖಾನೆ ಬೇಕು, ಕಾರ್ಮಿಕರ ಮಾತು ಬೇಡ

ಒಬ್ಬರು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ, ಈಗ ಅರ್ಥಶಾಸ್ತ್ರದ ಅಧ್ಯಾಪಕಿ. ರಷ್ಯದ ಝಾರ್ ದೊರೆತನ ಏಕೆ ಉರುಳಿತು ಎಂಬುದು ಇವರಿಬ್ಬರ ನಡುವಿನ ಹಳೆಯ ತಕರಾರು. ಮೇಷ್ಟ್ರಿಗೆ ಅದು ತಪ್ಪು ಹೆಜ್ಜೆಗಳ ಕಥೆ. ಶಿಷ್ಯೆಗೆ ಅದು ಬೇರೆ ದಾರಿಯೇ ಇರದಿದ್ದ ಕಥೆ. ಮಾತಿನಲ್ಲಿ ಬರುವ ತಾರೀಖುಗಳು ಆಗಿನ ರಷ್ಯದ ಪಂಚಾಂಗದವು. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಅದು ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದಿತ್ತು.

ಶಿಷ್ಯೆ: ಸರ್, ನೀವು ಇನ್ನೂ ಎಲ್ಲ ತಪ್ಪನ್ನೂ ಎರಡನೇ ನಿಕೊಲಾಸನ ತಲೆಗೇ ಕಟ್ಟುತ್ತೀರಾ?

ಮೇಷ್ಟ್ರು: ನಾನೇಕೆ ಕಟ್ಟಲಿ, ಅವನೇ ಕಟ್ಟಿಕೊಂಡ. 1897ರ ಜನಗಣತಿಯಲ್ಲಿ ವೃತ್ತಿ ಅಂತ ಕೇಳಿದ ಕಡೆ 'ರಷ್ಯದ ನೆಲದ ಯಜಮಾನ' ಎಂದು ಬರೆದವನು ಕಣಮ್ಮ ಅವನು. ಯಜಮಾನ ಅಂದಮೇಲೆ ಲೆಕ್ಕ ಕೇಳುವುದು ಅವನನ್ನೇ.

ಶಿಷ್ಯೆ: ಅದೇ ಗಣತಿ ಹನ್ನೆರಡೂವರೆ ಕೋಟಿ ಜನರನ್ನು ಎಣಿಸಿತು. ಅವರಲ್ಲಿ ಓದು ಬರಹ ಬಲ್ಲವರು ನೂರಕ್ಕೆ 21 ಮಂದಿ. ರಷ್ಯನ್ ಮಾತಾಡುವವರು ಅರ್ಧಕ್ಕಿಂತ ಕಡಿಮೆ. ಬಾಕುವಿನಲ್ಲಿ ಎಣ್ಣೆ ಬಾವಿ, ಪೋಲೆಂಡಿನ ಲೋಜ್‌ನಲ್ಲಿ ಬಟ್ಟೆ ಗಿರಣಿ, ಡೊನೆಟ್ಸ್ ಕಣಿವೆಯಲ್ಲಿ ಕಲ್ಲಿದ್ದಲು, ರಾಜಧಾನಿ ಪೀಟರ್ಸ್‌ಬರ್ಗಿನಲ್ಲಿ ಫಿರಂಗಿ ಮತ್ತು ರೈಲ್ವೆ ಎಂಜಿನ್. ಇಷ್ಟನ್ನೂ ಒಬ್ಬನೇ ಮನುಷ್ಯ ತನ್ನ ಮೇಜಿನ ಮೇಲಿನ ಕಾಗದಗಳಿಗೆ ಸಹಿ ಹಾಕುತ್ತಾ ಆಳಬೇಕಿತ್ತು. ನಿಕೊಲಾಸ್ ಅಲ್ಲ, ಚಾಣಕ್ಯನೇ ಬಂದಿದ್ದರೂ ಆಗುತ್ತಿರಲಿಲ್ಲ.

ಮೇಷ್ಟ್ರು: ಆ ಗಿರಣಿ, ಆ ರೈಲು ತಂದವರು ಯಾರು? ಆ ಒಬ್ಬನೇ ಮನುಷ್ಯನ ಸರ್ಕಾರವೇ ತಾನೆ? ಕ್ರಿಮಿಯಾ ಯುದ್ಧದಲ್ಲಿ ಸೋತಾಗ ಮಾಸ್ಕೊದಿಂದ ದಕ್ಷಿಣಕ್ಕೆ ಒಂದು ಮೈಲಿ ರೈಲೂ ಇರಲಿಲ್ಲ. ಸೆವಾಸ್ಟೊಪೋಲಿಗೆ ಮದ್ದುಗುಂಡು ಹೋಗಿದ್ದು ಗಾಡಿಗಳಲ್ಲಿ. ಆ ಸೋಲಿನಿಂದ ಪಾಠ ಕಲಿತವನು ಎರಡನೇ ಅಲೆಕ್ಸಾಂಡರ್. 1861ರಲ್ಲಿ ಎರಡು ಕೋಟಿಗೂ ಮಿಕ್ಕ ಜೀತದ ರೈತರನ್ನು ಒಂದು ಆಜ್ಞೆಯಿಂದ ಬಿಡಿಸಿದ. ಯಾವ ಪಾರ್ಲಿಮೆಂಟೂ ಇರಲಿಲ್ಲ, ಓಟೂ ಇರಲಿಲ್ಲ. ಭೂಮಾಲೀಕರೇ ತುಂಬಿರುವ ಪಾರ್ಲಿಮೆಂಟ್ ಇದ್ದಿದ್ದರೆ ಆ ಕೆಲಸ ಇನ್ನೂ ಐವತ್ತು ವರ್ಷ ಹಿಂದೆ ಬೀಳುತ್ತಿತ್ತು. ಆಮೇಲೆ ವಿಟ್ಟೆ ಬಂದ. ರೈಲ್ವೆ ಆಫೀಸಿನಿಂದ ಮೇಲೆ ಬಂದ ಮನುಷ್ಯ, 1892ರಲ್ಲಿ ಹಣಕಾಸು ಮಂತ್ರಿಯಾದ. ಸೈಬೀರಿಯಾದ ಉದ್ದಕ್ಕೂ ಹಳಿ ಹಾಕಿಸಿದ, 1897ರಲ್ಲಿ ರೂಬಲ್ಲನ್ನು ಚಿನ್ನಕ್ಕೆ ಕಟ್ಟಿದ, ಫ್ರಾನ್ಸಿನಿಂದ ಸಾಲ ತಂದ. ತೊಂಬತ್ತರ ದಶಕದಲ್ಲಿ ಅಲ್ಲಿನ ಉದ್ಯಮ ವರ್ಷಕ್ಕೆ ಸುಮಾರು ಶೇ. 8ರಂತೆ ಬೆಳೆಯಿತು. ನಿಮ್ಮ ಅರ್ಥಶಾಸ್ತ್ರದವರು ಚೀನಾದ ವಿಷಯದಲ್ಲಿ ಬಾಯಿ ಚಪ್ಪರಿಸುವ ಅಂಕಿ ಅದು.

ಶಿಷ್ಯೆ: ಆ ಶೇ. 8ರ ಬೆಲೆ ತೆತ್ತವರು ಯಾರು ಅಂತಲೂ ಹೇಳಿ. ಬಿಡುಗಡೆ ಮಾಡಿದ ರೈತನಿಗೇ ಅವನ ಹೊಲದ ಬೆಲೆಯನ್ನು 49 ವರ್ಷದ ಕಂತಿನಲ್ಲಿ ಕಟ್ಟು ಅಂದರು. ಕಂತು ಕಟ್ಟುವ ಹೊಣೆ ಊರೊಟ್ಟಿಗೆ. ಹಾಗಾಗಿ ಊರಿನ ಪಂಚಾಯ್ತಿ ಒಪ್ಪಿ ಪಾಸ್‌ಪೋರ್ಟ್ ಕೊಡದೆ ಅವನು ಪಟ್ಟಣಕ್ಕೆ ಹೋಗುವಂತಿರಲಿಲ್ಲ. ಬೆಂಕಿಕಡ್ಡಿ, ಸೀಮೆಎಣ್ಣೆ, ಸಕ್ಕರೆ, ಚಹಾ, ವೋಡ್ಕಾ, ಎಲ್ಲದರ ಮೇಲೂ ತೆರಿಗೆ. ಆ ದುಡ್ಡಿನಿಂದ ಸಾಲದ ಬಡ್ಡಿ ಕಟ್ಟಬೇಕು, ಬಡ್ಡಿ ಕಟ್ಟಲು ವಿದೇಶಿ ನಾಣ್ಯ ಬೇಕು, ನಾಣ್ಯಕ್ಕೆ ಗೋಧಿ ರಫ್ತಾಗಬೇಕು. 1891ರಲ್ಲಿ ವೋಲ್ಗಾ ಸೀಮೆಯಲ್ಲಿ ಬರ ಬಿತ್ತು. ಧಾನ್ಯದ ರಫ್ತು ನಿಲ್ಲಿಸಲು ಸರ್ಕಾರ ಮೀನಮೇಷ ಎಣಿಸಿತು. ಲಕ್ಷಗಟ್ಟಲೆ ಜನ ಹಸಿವಿಗೂ ಕಾಲರಾಕ್ಕೂ ಸತ್ತರು. ರಿಯಾಜಾನ್ ಸೀಮೆಯಲ್ಲಿ ಗಂಜಿಕೇಂದ್ರ ತೆರೆಯಲು ಟಾಲ್‌ಸ್ಟಾಯ್ ಬರಬೇಕಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ ಅಲ್ಲವೇ ಸರ್?

ಮೇಷ್ಟ್ರು: ಇಂಗ್ಲೆಂಡಿನ ಗಿರಣಿಗಳು ಮಾತ್ರ ಪುಣ್ಯದ ದುಡ್ಡಿನಲ್ಲಿ ಎದ್ದವೇ? ಅದರಲ್ಲಿ ನಮ್ಮ ನೇಕಾರರ ಪಾಲೂ ಇದೆ. ಯಾರದೋ ಹೊಟ್ಟೆ ಕಟ್ಟದೆ ಎಲ್ಲಿಯೂ ಕಾರ್ಖಾನೆ ಎದ್ದಿಲ್ಲ.

ಶಿಷ್ಯೆ: ಒಪ್ಪಿದೆ. ಆದರೆ ಇಂಗ್ಲೆಂಡಿನಲ್ಲಿ ಕೂಲಿ ಕಡಿಮೆಯಾದರೆ ಕಾರ್ಮಿಕ ಬೈದದ್ದು ಗಿರಣಿ ಮಾಲೀಕನನ್ನು. ರಷ್ಯದಲ್ಲಿ ಬೈಗುಳ ಹೋಗಿ ಬೀಳುತ್ತಿದ್ದುದು ದೊರೆಯ ಮೇಲೆ. ನನ್ನ ವಾದವೆಲ್ಲ ಇರುವುದು ಇಲ್ಲೇ. ಮುಷ್ಕರ ಮಾಡುವುದು ಅಲ್ಲಿ 1905ರವರೆಗೂ ಅಪರಾಧ, ಸಂಘ ಕಟ್ಟುವುದು ಇನ್ನೂ ದೊಡ್ಡ ಅಪರಾಧ. ಮೇಸ್ತ್ರಿಯ ಜೊತೆ ಜಗಳವಾದರೆ ಬರುತ್ತಿದ್ದವರು ಪೊಲೀಸರು, ಅವರ ಹಿಂದೆಯೇ ಕುದುರೆ ಏರಿದ ಕೊಸಾಕರು. ಎರಡು ಕೊಪೆಕ್ ಕೂಲಿ ಕೇಳಿದವನಿಗೆ ಎದುರಾಗುತ್ತಿದ್ದುದು ಇಡೀ ಸಾಮ್ರಾಜ್ಯ. 1896ರಲ್ಲಿ ನಿಕೊಲಾಸನ ಪಟ್ಟಾಭಿಷೇಕಕ್ಕೆ ಗಿರಣಿಗಳಿಗೆ ರಜೆ ಕೊಟ್ಟರು. ಆ ರಜೆಯ ಕೂಲಿ ಕೊಡಿ ಅಂತ ಪೀಟರ್ಸ್‌ಬರ್ಗಿನ ನೂಲುಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ನೋಡಿ, ಪಟ್ಟಾಭಿಷೇಕವೇ ಅಲ್ಲಿ ಕೂಲಿ ಜಗಳ ಆಯಿತು!

ಮೇಷ್ಟ್ರು: ಆ ಮುಷ್ಕರದಿಂದ ಏನಾಯಿತು ಅನ್ನುವುದನ್ನು ಮಾತ್ರ ಹೇಳಲಿಲ್ಲ ನೀನು. ಮರುವರ್ಷವೇ ಕಾನೂನು ಬಂತು. ದಿನಕ್ಕೆ ಹನ್ನೊಂದೂವರೆ ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ ಅಂತ. ಇಂದು ಕೇಳಿದರೆ ನಗು ಬರುತ್ತದೆ, ಆಗ ಅದು ಸಣ್ಣ ಮಾತಲ್ಲ. ಕಾರ್ಖಾನೆ ಇನ್‌ಸ್ಪೆಕ್ಟರುಗಳಂತೂ 1882ರಿಂದಲೇ ಇದ್ದರು. ವ್ಯವಸ್ಥೆ ಬಾಗುತ್ತಿತ್ತು.

ಶಿಷ್ಯೆ: ಮುಷ್ಕರ ಮಾಡಿದವರನ್ನು ಜೈಲಿಗೆ ಕಳಿಸಿ, ಅವರು ಕೇಳಿದ್ದರಲ್ಲಿ ಅರ್ಧ ಕೊಡುವುದು. ಅಪರಾಧ ಮಾಡಿದರೆ ಮಾತ್ರ ಫಲ ಸಿಗುತ್ತದೆ ಅಂತ ಸರ್ಕಾರವೇ ಕಲಿಸಿದ ಹಾಗಾಯಿತು.

ಮೇಷ್ಟ್ರು: (ನಗುತ್ತಾ) ಈ ಮಾತು ಚೆನ್ನಾಗಿದೆ. ಇದನ್ನು ಜುಬಾಟೊವ್ ಕೇಳಿದ್ದರೆ ನಿನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದ.

ಶಿಷ್ಯೆ: ಪೊಲೀಸ್ ಸಂಘದ ಜುಬಾಟೊವ್?

ಮೇಷ್ಟ್ರು: ಅವನೇ. ಮಾಸ್ಕೊದ ಗುಪ್ತ ಪೊಲೀಸರ ಮುಖ್ಯಸ್ಥ. ರೋಗ ಏನೆಂದು ನಿನ್ನ ಹಾಗೇ ಕಂಡುಕೊಂಡವನು. ಕಾರ್ಮಿಕನಿಗೆ ಬೇಕಾದುದು ಕೂಲಿ ಮತ್ತು ಮರ್ಯಾದೆ. ಅವೆರಡನ್ನೂ ದೊರೆಯೇ ಕೊಡಿಸಿದರೆ ಅವನು ಕ್ರಾಂತಿಕಾರಿಗಳ ಮಾತು ಏಕೆ ಕೇಳುತ್ತಾನೆ ಅನ್ನುವುದು ಅವನ ತರ್ಕ. 1901ರಲ್ಲಿ ಪೊಲೀಸರ ನೆರಳಿನಲ್ಲೇ ಕಾರ್ಮಿಕ ಸಂಘ ಕಟ್ಟಿಸಿದ. ಮರುವರ್ಷ ಫೆಬ್ರವರಿ 19ರಂದು, ಜೀತ ವಿಮೋಚನೆಯ ದಿನ, ಸುಮಾರು 50 ಸಾವಿರ ಕಾರ್ಮಿಕರು ಕ್ರೆಮ್ಲಿನ್‌ಗೆ ಮೆರವಣಿಗೆ ಹೋಗಿ ಎರಡನೇ ಅಲೆಕ್ಸಾಂಡರನ ಸ್ಮಾರಕಕ್ಕೆ ಮಾಲೆ ಹಾಕಿ ಬಂದರು. ಒಂದು ಕಲ್ಲೂ ಬೀಳಲಿಲ್ಲ. ದೊರೆ ಮತ್ತು ದುಡಿಯುವವನು ಒಂದು ಕಡೆ, ನಡುವಿನ ಸೇಠ್‌ಗಳು ಇನ್ನೊಂದು ಕಡೆ. ಇಂಥ ಒಂದು ಹಾದಿ ಅಲ್ಲಿ ಇತ್ತು ಕಣಮ್ಮ.

ಶಿಷ್ಯೆ: ಇತ್ತು, ಆದರೆ ಗಿರಣಿ ಮಾಲೀಕರು ಸುಮ್ಮನಿದ್ದರೇ? ಪೊಲೀಸರೇ ನಮ್ಮ ಆಳುಗಳನ್ನು ನಮ್ಮ ಮೇಲೆ ಎತ್ತಿಕಟ್ಟುತ್ತಿದ್ದಾರೆ ಅಂತ ವಿಟ್ಟೆಯ ಬಾಗಿಲು ಬಡಿದರು. ಬಂಡವಾಳ ಹಾಕಿದವರಲ್ಲಿ ಫ್ರೆಂಚರೂ ಇದ್ದರು. ವಿಟ್ಟೆಗೆ ಬಂಡವಾಳ ಬೇಕು, ಗೃಹ ಇಲಾಖೆಗೆ ಶಾಂತಿ ಬೇಕು. ಒಂದೇ ಸರ್ಕಾರದ ಎರಡು ಕೈ ಒಂದನ್ನೊಂದು ಹಿಡಿದು ತಿರುಚುತ್ತಿದ್ದವು. ಎರಡನ್ನೂ ಕೂರಿಸಿ ತೀರ್ಪು ಹೇಳುವ ಸಂಪುಟವೇ ಅಲ್ಲಿರಲಿಲ್ಲ. ಮಂತ್ರಿಗಳು ಒಬ್ಬೊಬ್ಬರಾಗಿ ದೊರೆಯ ಬಳಿ ಹೋಗುತ್ತಿದ್ದರು, ಕೊನೆಯಲ್ಲಿ ಹೋದವನ ಮಾತು ನಡೆಯುತ್ತಿತ್ತು. 1903ರಲ್ಲಿ ಒಡೆಸ್ಸಾದಲ್ಲಿ ಜುಬಾಟೊವನ ಸಂಘವೇ ಸಾರ್ವತ್ರಿಕ ಮುಷ್ಕರಕ್ಕೆ ಇಳಿಯಿತು. ಸಾಕಿದ ಗಿಣಿ ಹದ್ದಾಯಿತು. ಅವನನ್ನು ಕೆಲಸದಿಂದ ತೆಗೆದು ಊರು ಬಿಡಿಸಿದರು.

ಮೇಷ್ಟ್ರು: 1917ರಲ್ಲಿ ದೊರೆತನ ಹೋದ ಸುದ್ದಿ ಕೇಳಿ ತಾನೇ ಗುಂಡು ಹಾರಿಸಿಕೊಂಡು ಸತ್ತವನೂ ಅವನೇ. ಯಾರೂ ಅವನ ಮಾತು ಕೇಳಲಿಲ್ಲ. ನಾನು ಹೇಳುವ ತಪ್ಪು ಹೆಜ್ಜೆ ಇದೇ.

ಶಿಷ್ಯೆ: ಅವನು ಬಿಟ್ಟುಹೋದ ದಾರಿಯಲ್ಲೇ ಪಾದ್ರಿ ಗಪೋನ್ ಬಂದ, ಅದೂ ಪೊಲೀಸರ ಒಪ್ಪಿಗೆಯಿಂದ. ಟೀ ಕುಡಿಯುವ ಕೋಣೆ, ಭಜನೆ, ಉಪನ್ಯಾಸ, ಹೀಗೆ ಶುರುವಾದ ಸಂಘ. 1904ರ ಡಿಸೆಂಬರಿನಲ್ಲಿ ಪುಟಿಲೊವ್ ಕಾರ್ಖಾನೆಯವರು ಆ ಸಂಘದ ನಾಲ್ವರನ್ನು ಕೆಲಸದಿಂದ ತೆಗೆದರು. ಎಷ್ಟು? ನಾಲ್ಕೇ ಜನ. ಅವರನ್ನು ವಾಪಸು ತೆಗೆದುಕೊಳ್ಳಿ ಅಂದರೆ ಮ್ಯಾನೇಜರ್ ಒಪ್ಪಲಿಲ್ಲ. ಇನ್‌ಸ್ಪೆಕ್ಟರ್ ಕೈಯಲ್ಲಿ ಏನೂ ಆಗಲಿಲ್ಲ. ಜನವರಿ 3ಕ್ಕೆ ಕೆಲಸ ನಿಂತಿತು. ಕೆಲವೇ ದಿನದಲ್ಲಿ ರಾಜಧಾನಿಯ ಕಾರ್ಖಾನೆಗಳೆಲ್ಲ ನಿಂತವು. ಜನವರಿ 9, ಭಾನುವಾರ, ಹೆಂಡತಿ ಮಕ್ಕಳನ್ನು ಕರೆದುಕೊಂಡು, ದೇವರ ಪಟ, ದೊರೆಯ ಪಟ ಹಿಡಿದು ಅರಮನೆಯತ್ತ ಹೊರಟರು. ಮನವಿಯಲ್ಲಿ ಏನೇನು ಇತ್ತು ನೋಡಿ. ಎಂಟು ಗಂಟೆ ದುಡಿಮೆಯ ಪಕ್ಕದಲ್ಲೇ ಸಂವಿಧಾನ ಸಭೆ. ಕೂಲಿಯ ಮಾತು ಸಂವಿಧಾನದ ಮಾತಾಗಲು ಹಿಡಿದದ್ದು ಒಂದೇ ವಾರ. ಕೇಳಲು ಬೇರೆ ಬಾಗಿಲು ಇಲ್ಲದಾಗ ಎಲ್ಲವನ್ನೂ ಒಂದೇ ಬಾಗಿಲಲ್ಲಿ ಕೇಳುತ್ತಾರೆ.

ಮೇಷ್ಟ್ರು: ಮತ್ತೆ ಆ ಬಾಗಿಲಲ್ಲಿ ದೊರೆ ಇರಲಿಲ್ಲ. ಊರಾಚೆ ಝಾರ್‌ಸ್ಕೊಯೆ ಸೆಲೊ ಅರಮನೆಯಲ್ಲಿದ್ದ. ಸೈನಿಕರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆ ನೂರು ದಾಟಿತು. ಹತ್ತು ದಿನದ ಮೇಲೆ, ಪೊಲೀಸರು ಆರಿಸಿ ತಂದ ಮೂವತ್ತು ಚಿಲ್ಲರೆ ಕಾರ್ಮಿಕರನ್ನು ಅರಮನೆಗೆ ಕರೆಸಿ, ನಿಮ್ಮ ತಪ್ಪನ್ನು ಕ್ಷಮಿಸಿದ್ದೇನೆ ಅಂದ! ಈಗ ನೀನೇ ಹೇಳು, ಇದು ವ್ಯವಸ್ಥೆಯ ನಿಯಮವೋ, ಒಬ್ಬ ಮನುಷ್ಯನ ದಡ್ಡತನವೋ? ಅವನ ಅಜ್ಜ ಎರಡನೇ ಅಲೆಕ್ಸಾಂಡರ್ ಇದ್ದಿದ್ದರೆ ಉಪ್ಪರಿಗೆಗೆ ಬಂದು ಕೈಯಾದರೂ ಎತ್ತುತ್ತಿದ್ದ. ಅಷ್ಟು ಸಾಕಿತ್ತು, ಇನ್ನೊಂದು ತಲೆಮಾರು ನಡೆಯುತ್ತಿತ್ತು.

ಶಿಷ್ಯೆ: ಕೈ ಎತ್ತಿದ ಮೇಲೆ? ಮರುದಿನ ಕಾರ್ಖಾನೆಗೆ ಹೋದರೆ ಅದೇ ಮ್ಯಾನೇಜರ್, ಅದೇ ನಾಲ್ಕು ಜನರ ವಜಾ. ದೊರೆ ಅದನ್ನು ರದ್ದು ಮಾಡಿದರೆ ಮಾಲೀಕರು ಬಂಡವಾಳ ಹಿಂದಕ್ಕೆ ಎಳೆಯುತ್ತಾರೆ, ಮಾಡದಿದ್ದರೆ ಪಟ ಹಿಡಿದವರು ಪಟ ಹರಿಯುತ್ತಾರೆ. ಎಲ್ಲಕ್ಕೂ ನಾನೇ ಅಂದವನಿಗೆ ಜಾರಿಕೊಳ್ಳಲು ಸಂದು ಇರುವುದಿಲ್ಲ.

ಮೇಷ್ಟ್ರು: ಆದರೆ ಬಾಕುವಿನಲ್ಲಿ ಏನಾಯಿತು? ಸರಿಯಾಗಿ ಅದೇ ಹೊತ್ತಿನಲ್ಲಿ, 1904ರ ಡಿಸೆಂಬರಿನಲ್ಲಿ, ಎಣ್ಣೆ ಕೆಲಸಗಾರರು ಮುಷ್ಕರ ಮಾಡಿ ಮಾಲೀಕರ ಜೊತೆ ಲಿಖಿತ ಒಪ್ಪಂದಕ್ಕೇ ಸಹಿ ಹಾಕಿಸಿಕೊಂಡರು. ರಷ್ಯದಲ್ಲಿ ಮೊದಲ ಸಾಮೂಹಿಕ ಒಪ್ಪಂದ ಅದು. ದೊರೆಯನ್ನು ಯಾರೂ ಕರೆಯಲಿಲ್ಲ. ಅಂದಮೇಲೆ ದೊರೆತನದ ಕೆಳಗೇ ಆ ಕೆಲಸ ಸಾಧ್ಯವಿತ್ತು ಅಂತಾಯಿತಲ್ಲ!

(ಶಿಷ್ಯೆ ಇದಕ್ಕೆ ಕೂಡಲೇ ಉತ್ತರ ಕೊಡಲಿಲ್ಲ. ಬಾಕುವಿನ ಈ ಒಪ್ಪಂದ ಅವಳ ವಾದದ ನಡುವೆ ನಿಜವಾಗಿಯೂ ಮುಳ್ಳಿನ ಹಾಗೆ ಕೂತಿತ್ತು.)

ಶಿಷ್ಯೆ: ಸಾಧ್ಯವಿತ್ತು, ಸರಿ. ಆದರೆ ಕಾನೂನಿನ ಕಣ್ಣಲ್ಲಿ ಆ ಮುಷ್ಕರವೂ ಅಪರಾಧವೇ ಆಗಿತ್ತು. ಗವರ್ನರ್ ಕಣ್ಣು ಮುಚ್ಚಿಕೊಂಡರೆ ಒಪ್ಪಂದ, ತೆರೆದರೆ ಗುಂಡು. 1912ರಲ್ಲಿ ಸೈಬೀರಿಯಾದ ಲೇನಾ ಚಿನ್ನದ ಗಣಿಯಲ್ಲಿ ಕಣ್ಣು ತೆರೆದರು. ಕಂಪನಿಯ ಅಂಗಡಿಯಲ್ಲಿ ಕೊಳೆತ ಮಾಂಸ ಕೊಟ್ಟರು ಅಂತ ಹುಟ್ಟಿದ ಮುಷ್ಕರ ಅದು. ಏಪ್ರಿಲ್ 4ರಂದು ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಗೃಹಮಂತ್ರಿ ಅಲ್ಲಿನ ಪಾರ್ಲಿಮೆಂಟಾದ ಡೂಮಾದಲ್ಲಿ ಎದ್ದು ನಿಂತು, ಹಿಂದೆಯೂ ಹೀಗೇ ಇತ್ತು, ಮುಂದೆಯೂ ಹೀಗೇ ಇರುತ್ತದೆ ಅಂದ.

ಮೇಷ್ಟ್ರು: ಡೂಮಾ ಅಂದೆಯಲ್ಲ, ಆ ಡೂಮಾ ಎಲ್ಲಿಂದ ಬಂತು? 1905ರ ಅಕ್ಟೋಬರಿನಲ್ಲಿ ದೊರೆಯೇ ಕೊಟ್ಟದ್ದು.

ಶಿಷ್ಯೆ: ಕೊಟ್ಟದ್ದಲ್ಲ ಸರ್, ಕಿತ್ತುಕೊಂಡದ್ದು. ರೈಲ್ವೆ ನೌಕರರು ರೈಲು ನಿಲ್ಲಿಸಿದರು. ಆಮೇಲೆ ತಂತಿ, ಅಚ್ಚುಕೂಟ, ಬೇಕರಿ. ದೇಶಕ್ಕೆ ಹಳಿ ಹಾಸಿದ ವಿಟ್ಟೆ ದೊರೆಯನ್ನು ಕಾಣಲು ಪೀಟರ್‌ಹಾಫ್‌ಗೆ ಹೋಗಿದ್ದು ದೋಣಿಯಲ್ಲಿ! ಆಗ ಕಾರ್ಖಾನೆ, ಗಣಿ, ರೈಲ್ವೆ ಎಲ್ಲ ಸೇರಿದರೂ ಕಾರ್ಮಿಕರು ಇದ್ದದ್ದು ಸುಮಾರು ಮೂವತ್ತು ಲಕ್ಷ, ಅಷ್ಟೇ. ಆದರೆ ಅವರು ಕೂತಿದ್ದ ಜಾಗ ನೋಡಿ. ರಾಜಧಾನಿ, ಬಂದರು, ರೈಲ್ವೆ ಜಂಕ್ಷನ್. ಹೊಲದಲ್ಲಿ ಹತ್ತು ಕೋಟಿ ಜನ ಮುನಿಸಿಕೊಂಡರೂ ಅರಮನೆಗೆ ಸುದ್ದಿ ಮುಟ್ಟಲು ತಿಂಗಳು ಬೇಕು. ಇವರು ಸುಮ್ಮನೆ ಕೈಕಟ್ಟಿ ನಿಂತರೆ ಸಂಜೆಗೆ ಅರಮನೆಯಲ್ಲಿ ಗೊತ್ತಾಗುತ್ತದೆ.

ಮೇಷ್ಟ್ರು: ಅಲ್ಲಿಂದ ಮುಂದಕ್ಕಾದರೂ ದಾರಿ ಇತ್ತೋ ಇಲ್ಲವೋ? ಜರ್ಮನಿಯನ್ನು ನೋಡು. ಚಕ್ರವರ್ತಿಯೂ ಇದ್ದ, ಕ್ರುಪ್ ಕಾರ್ಖಾನೆಯೂ ಇತ್ತು. 1883ರಲ್ಲೇ ಬಿಸ್ಮಾರ್ಕ್ ಕಾರ್ಮಿಕರಿಗೆ ಕಾಯಿಲೆಯ ವಿಮೆ ತಂದ. ಜಪಾನಿನ ಚಕ್ರವರ್ತಿ 1889ರಲ್ಲಿ ಸಂವಿಧಾನ ಕೊಟ್ಟ, ಅದೇ ಜಪಾನ್ 1905ರಲ್ಲಿ ರಷ್ಯದ ನೌಕಾಪಡೆಯನ್ನು ತ್ಸುಶಿಮಾದಲ್ಲಿ ಮುಳುಗಿಸಿತು. ಕಿರೀಟಕ್ಕೂ ಕಾರ್ಖಾನೆಗೂ ಹುಟ್ಟು ವೈರ ಇಲ್ಲ.

ಶಿಷ್ಯೆ: ಕಿರೀಟಕ್ಕೆ ಇಲ್ಲ. ಯಾರಿಗೂ ಲೆಕ್ಕ ಒಪ್ಪಿಸದ ಕಿರೀಟಕ್ಕೆ ಇದೆ. ಜರ್ಮನಿಯಲ್ಲಿ 1871ರಿಂದ ಗಂಡಸರಿಗೆಲ್ಲ ಓಟಿತ್ತು. ಬೈಯುವವನಿಗೆ ಬೈಯಲು ರೈಖ್‌ಸ್ಟಾಗ್ ಎಂಬ ಪಾರ್ಲಿಮೆಂಟ್ ಇತ್ತು. ನಿಮ್ಮ ನಿಕೊಲಾಸ್ 1895ರಲ್ಲಿ, ಜಿಲ್ಲಾ ಸಭೆಗಳವರು ನಮ್ಮ ಮಾತನ್ನೂ ಒಂದಿಷ್ಟು ಕೇಳಿ ಅಂದಾಗ, ಅವು ಅರ್ಥವಿಲ್ಲದ ಕನಸುಗಳು ಅಂದ.

ಮೇಷ್ಟ್ರು: ಅವನ ಅಜ್ಜ ಹಾಗೆ ಅನ್ನಲಿಲ್ಲ. 1881ರ ಮಾರ್ಚ್ 1ರ ಬೆಳಿಗ್ಗೆ, ಚುನಾಯಿತರನ್ನು ಸಲಹೆಗೆ ಕರೆಯುವ, ಮಂತ್ರಿ ಲೋರಿಸ್-ಮೆಲಿಕೊವನ ಯೋಜನೆಗೆ ಎರಡನೇ ಅಲೆಕ್ಸಾಂಡರ್ ಒಪ್ಪಿಗೆ ಕೊಟ್ಟ. ಮಧ್ಯಾಹ್ನ ಕಾಲುವೆ ದಂಡೆಯಲ್ಲಿ ಬಾಂಬು ಎಸೆದು ಕೊಂದರು. ಜನರ ಹೆಸರಿನಲ್ಲೇ ಕೊಂದರು! ಮಗ ಮೂರನೇ ಅಲೆಕ್ಸಾಂಡರ್ ಆ ಕಾಗದವನ್ನು ಮೂಲೆಗೆ ಹಾಕಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನೀನು ಹೇಳುವ ನಿಯಮ ಯಾವುದೂ ಅಲ್ಲಿ ಕೆಲಸ ಮಾಡಲಿಲ್ಲ, ಕೆಲಸ ಮಾಡಿದ್ದು ಬಾಂಬು.

ಶಿಷ್ಯೆ: ಬರೀ ಸಲಹೆ ಸರ್ ಅದು. ಬೇಕಾದರೆ ಕೇಳು, ಬೇಡವಾದರೆ ಬಿಡು.

ಮೇಷ್ಟ್ರು: ಎಲ್ಲ ಪಾರ್ಲಿಮೆಂಟುಗಳೂ ಸಲಹೆಯಿಂದಲೇ ಶುರುವಾದದ್ದು. ನಿನಗೆ ಮಗು ಹುಟ್ಟಿದ ದಿನವೇ ಓಡಬೇಕು!

ಶಿಷ್ಯೆ: ಆ ಮಗು 1906ರಲ್ಲಿ ಹುಟ್ಟಿತಲ್ಲ, ಏನು ಮಾಡಿದರು? ಮೊದಲ ಡೂಮಾ ಎರಡೂವರೆ ತಿಂಗಳಿಗೇ ವಿಸರ್ಜನೆ. ಎರಡನೆಯದಕ್ಕೂ ಅದೇ ಗತಿ. 1907ರ ಜೂನ್ 3ರಂದು ಓಟಿನ ನಿಯಮವನ್ನೇ ಬದಲಿಸಿ ಜಮೀನ್ದಾರರ ಕೈಗೆ ಕೊಟ್ಟರು. ಡೂಮಾ ಸೇರುವ ಮೊದಲೇ ಫ್ರಾನ್ಸಿನಿಂದ ದೊಡ್ಡ ಸಾಲ ಬಂದಿತ್ತು. ಖಜಾನೆ ತುಂಬಿದವನಿಗೆ ಡೂಮಾದ ಹಂಗೇನು? ಫ್ರಾನ್ಸಿನ ಸಾಲ ಕೊಟ್ಟವರು ಅರಿಯದೆಯೇ ರಷ್ಯದ ಸಂವಿಧಾನವನ್ನು ಖರೀದಿಸಿ ಬೀರುವಿನಲ್ಲಿ ಇಟ್ಟುಬಿಟ್ಟರು.

ಮೇಷ್ಟ್ರು: ಆಗಿನ ಪ್ರಧಾನಿ ಸ್ತೊಲಿಪಿನ್‌ನನ್ನು ಮಾತ್ರ ನೀನು ಬಿಟ್ಟುಬಿಡುತ್ತೀಯ. ಸೇನಾ ನ್ಯಾಯಾಲಯ ಕೂರಿಸಿ ನೂರಾರು ಜನರನ್ನು ನೇಣಿಗೆ ಹಾಕಿಸಿದ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವನೇ ರೈತನನ್ನು ಊರೊಟ್ಟಿನ ಹಗ್ಗದಿಂದ ಬಿಡಿಸಿದ. ನಿನ್ನ ಹೊಲ ನಿನ್ನದು, ಮಾರು, ಕೊಳ್ಳು, ಸೈಬೀರಿಯಾಕ್ಕೆ ಹೋಗು ಅಂದ. 1907ರಿಂದ ಆ ಬಿಡುಗಡೆಯ ಕಂತೂ ನಿಂತಿತು. ಇಪ್ಪತ್ತು ವರ್ಷ ಶಾಂತಿ ಕೊಡಿ, ಆಮೇಲೆ ರಷ್ಯದ ಗುರುತು ನಿಮಗೇ ಹತ್ತುವುದಿಲ್ಲ ಅಂತ ಕೇಳಿದ್ದ. ಕೇಳಿದ ಎರಡೇ ವರ್ಷಕ್ಕೆ, 1911ರಲ್ಲಿ, ಕೀವ್‌ನ ನಾಟಕಮಂದಿರದಲ್ಲಿ ದೊರೆಯ ಕಣ್ಣೆದುರೇ ಗುಂಡು ಬಿತ್ತು.

ಶಿಷ್ಯೆ: ಗುಂಡು ಹಾರಿಸಿದವನು ಪೊಲೀಸರ ಮಾಹಿತಿದಾರ. ಒಳಗೆ ಹೋಗಲು ಟಿಕೆಟ್ ಕೊಟ್ಟದ್ದೂ ಪೊಲೀಸರೇ. ಸ್ತೊಲಿಪಿನ್ ಬದುಕಿದ್ದರೂ ದೊರೆ ಅವನನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಕೆಲಸ ಬಲ್ಲ ಮಂತ್ರಿಯ ಬೆಳಕು ತನ್ನ ಬೆಳಕನ್ನು ಮಂಕು ಮಾಡುತ್ತದೆ ಅನ್ನುವ ಅಳುಕು ನಿಕೊಲಾಸನಿಗೆ. ವಿಟ್ಟೆಯನ್ನೂ ಹಾಗೇ ಕಳೆದುಕೊಂಡ.

ಮೇಷ್ಟ್ರು: ನೋಡು, ಈಗ ನೀನೂ ಅವನ ಸ್ವಭಾವಕ್ಕೇ ಬಂದೆ!

ಶಿಷ್ಯೆ: ಒಬ್ಬನ ಅಳುಕು ಹದಿನೇಳು ಕೋಟಿ ಜನರ ಹಣೆಬರಹ ಆಗುವ ಏರ್ಪಾಡಿಗೆ ಬಂದೆ, ಸರ್. 1914ರ ಜುಲೈನಲ್ಲಿ, ಫ್ರಾನ್ಸಿನ ಅಧ್ಯಕ್ಷ ಪೀಟರ್ಸ್‌ಬರ್ಗಿನಲ್ಲಿ ಔತಣ ಉಣ್ಣುತ್ತಿದ್ದಾಗ ಅದೇ ಊರಿನ ಕಾರ್ಮಿಕರ ಕೇರಿಗಳಲ್ಲಿ ಬೀದಿಗೆ ಅಡ್ಡಗಟ್ಟೆ ಎದ್ದಿದ್ದವು. ಅದು ಯುದ್ಧಕ್ಕಿಂತ ಮುಂಚೆ.

ಮೇಷ್ಟ್ರು: ಎದ್ದವು, ಇಳಿದವು. ಯುದ್ಧಕ್ಕೆ ಹೋಗದಿದ್ದರೆ ಅವು 1905ರ ಹಾಗೆ ಇನ್ನೊಂದು ರಾಜಿಯಲ್ಲಿ ಮುಗಿಯುತ್ತಿದ್ದವು. ಆ ವರ್ಷ ಫೆಬ್ರವರಿಯಲ್ಲೇ ಡುರ್ನೊವೊ ಎಂಬ ಹಳೆಯ ಗೃಹಮಂತ್ರಿ ದೊರೆಗೆ ಬರೆದು ಕೊಟ್ಟಿದ್ದ, ಜರ್ಮನಿಯ ಜೊತೆ ಯುದ್ಧ ಬೇಡ, ಸೋತರೆ ಸಮಾಜವಾದಿ ಕ್ರಾಂತಿ ಆಗುತ್ತದೆ, ಆಗ ಡೂಮಾದ ಉದಾರವಾದಿಗಳಿಂದ ಅದನ್ನು ತಡೆಯಲಾಗುವುದಿಲ್ಲ ಅಂತ. ಕ್ರಾಂತಿಕಾರಿಯಲ್ಲ, ದೊರೆತನದ ಕಟ್ಟಾ ಭಕ್ತ ಬರೆದದ್ದು. ಅಂದರೆ ಆ ವ್ಯವಸ್ಥೆಯ ಒಳಗೇ ಕಣ್ಣಿತ್ತು.

ಶಿಷ್ಯೆ: ಕಣ್ಣಿತ್ತು, ಕಾಲನ್ನು ತಡೆಯುವ ಕೈ ಇರಲಿಲ್ಲ. ಯುದ್ಧಕ್ಕೆ ಹೋದರು, ಹೋಗುವಾಗಲೇ ಖಜಾನೆಯ ದೊಡ್ಡ ಆದಾಯವಾದ ವೋಡ್ಕಾವನ್ನೂ ನಿಲ್ಲಿಸಿದರು. 1915ರಲ್ಲಿ ದೊರೆ ತಾನೇ ದಂಡನಾಯಕನಾದ. ಅಲ್ಲಿಂದ ಮುಂದೆ ಪ್ರತಿ ಸೋಲೂ ಅವನ ಹೆಸರಿಗೇ ಜಮೆ. ಕಾರ್ಖಾನೆಯಲ್ಲಿ ಮಾಡಿದ್ದನ್ನೇ ರಣರಂಗದಲ್ಲೂ ಮಾಡಿದ. ರಾಜಧಾನಿಗೆ ಹಿಟ್ಟು ತರಲು ರೈಲು ಸಾಲಲಿಲ್ಲ. 1917ರ ಫೆಬ್ರವರಿ 23ರಂದು ಬ್ರೆಡ್ಡಿಗೆ ಸಾಲು ನಿಂತು ಸಾಕಾದ ನೂಲುಗಿರಣಿ ಹೆಂಗಸರು ಬೀದಿಗೆ ಬಂದರು. ಪುಟಿಲೊವ್ ಕಾರ್ಖಾನೆಗೆ ಹಿಂದಿನ ದಿನವೇ ಬೀಗ ಬಿದ್ದಿತ್ತು. ನಾಲ್ಕೇ ದಿನಕ್ಕೆ ಸೈನಿಕರೂ ಅವರ ಜೊತೆ ಸೇರಿದರು. ರಾಜಧಾನಿಗೆ ಬರಬೇಕಿದ್ದ ದೊರೆಯ ರೈಲು ಮುಂದಿನ ನಿಲ್ದಾಣ ಕೈತಪ್ಪಿದೆ ಅಂತ ಹಿಂದಕ್ಕೆ ತಿರುಗಿ ಪ್ಸ್ಕೊವ್‌ಗೆ ಹೋಯಿತು. ದಂಡನಾಯಕರ ತಂತಿಗಳು ಅಲ್ಲಿಗೇ ಬಂದವು, ಇಳಿಯಿರಿ ಅಂತ.

ಮೇಷ್ಟ್ರು: ಆ ತಂತಿ ಕಳಿಸಿದವರು ಕಾರ್ಮಿಕರಲ್ಲ ಕಣಮ್ಮ, ಅವನ ಸ್ವಂತ ಜನರಲ್‌ಗಳು. ಕಾರ್ಖಾನೆ ಕೆಡವಿತು ಅನ್ನುತ್ತೀಯ ನೀನು. ಕೈ ಬಿಟ್ಟವರು ಮನೆಯವರು. ಮಾರ್ಚ್ 2ರಂದು ನಿಕೊಲಾಸ್ ಸಹಿ ಹಾಕಿದ, ಪಟ್ಟವನ್ನು ತಮ್ಮ ಮಿಖಾಯಿಲನಿಗೆ ಬಿಟ್ಟ. ಮರುದಿನ ಮಿಖಾಯಿಲ್ ಏನೆಂದು ಬರೆದು ಕೊಟ್ಟ ಗೊತ್ತೇ? ಜನ ಆರಿಸಿದ ಸಂವಿಧಾನ ಸಭೆ ಕೊಟ್ಟರೆ ಮಾತ್ರ ಪಟ್ಟ ಏರುತ್ತೇನೆ ಅಂತ. 304 ವರ್ಷ ಆಳಿದ ಮನೆತನ ಕೊನೆಗೂ ಆ ಮಾತು ಆಡಿತು.

ಶಿಷ್ಯೆ: ಗಪೋನನ ಮನವಿಯಲ್ಲಿ ಇದ್ದದ್ದೂ ಅದೇ ಸಂವಿಧಾನ ಸಭೆ. ಹನ್ನೆರಡು ವರ್ಷ ತಡ.

ಮೇಷ್ಟ್ರು: ತಡ ಅನ್ನು, ಅಸಾಧ್ಯ ಅನ್ನಬೇಡ. ಜೊತೆಗೆ ಇದನ್ನೂ ಹೇಳು. ಅವರಿಬ್ಬರೂ ಹೆಸರಿಸಿದ ಆ ಸಭೆ 1918ರ ಜನವರಿ 5ರಂದು ಸೇರಿತು. ಕಾರ್ಮಿಕರ ಹೆಸರಿನಲ್ಲಿ ಅಧಿಕಾರ ಹಿಡಿದವರು ಮರುದಿನ ಅದರ ಬಾಗಿಲು ಮುಚ್ಚಿಸಿದರು.